ಫ್ರಾಂಕ್‌ಫರ್ಟ್‌ನಲ್ಲಿ ಒಂದು ಗಂಟೆಯ ಕನೆಕ್ಷನ್: ನಾನು ಹಿಡಿದ ಬಗೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಮಗಳಿರುವ ಹ್ಯಾಂಬರ್ಗ್. ನಡುವೆ ವಿಮಾನ ಬದಲಿಸಲು ಸಿಗುವುದು ಒಂದು ಗಂಟೆ ಐದು ನಿಮಿಷ. ಇಂಥ ಟಿಕೆಟ್ ಮಾಡಿಸಿದ್ದೇನೆಂದು ಹೇಳಿದಾಗ ಶಿವಮೊಗ್ಗದ ಅಡಿಕೆ ಮಂಡಿಯ ಗೆಳೆಯರು, "ಕಾಲುನೋವಿನ ಹೆಂಡತಿಯನ್ನು ಕರ್ಕೊಂಡು ಕಾಣದ ಊರಲ್ಲಿ ಓಡ್ಲಿಕ್ಕೆ ಹೊರಟಿದ್ದೀರಾ ಮಾರಾಯ್ರೆ?" ಎಂದು ನಕ್ಕರು. ಮೂರು ಗಂಟೆಗಿಂತ ಕಡಿಮೆ ಅಂತರದ ಟಿಕೆಟನ್ನು ಮುಟ್ಟಲೇಬಾರದೆಂಬುದು ಅವರೆಲ್ಲರ ಸಿದ್ಧಾಂತ. ನಾವು ಓಡಲಿಲ್ಲ, ಗೇಟ್ ತಲುಪಿದಾಗ ಬೋರ್ಡಿಂಗ್ ಸಾಲು ಅರ್ಧವೂ ಕರಗಿರಲಿಲ್ಲ.

ಹಿಂದೆ ಸೋತದ್ದೂ ಉಂಟು. ಹಣ ಉಳಿಸಲೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡು ಕೊಲ್ಲಿ ದೇಶದ ಒಂದು ನಿಲ್ದಾಣದ ಮೂಲಕ ಹೋದಾಗ ಮೊದಲ ವಿಮಾನ ತಡವಾಯಿತು, ಎರಡನೆಯದು ನಮ್ಮನ್ನು ಬಿಟ್ಟು ಹಾರಿತು. ಎರಡೂ ಸಂಸ್ಥೆಗಳು ತಮಗೆ ಸಂಬಂಧವಿಲ್ಲವೆಂದು ಕೈಯಾಡಿಸಿದವು. ಉಳಿಸಿದ್ದು ಸುಮಾರು 12,000 ರೂಪಾಯಿ. ಕೌಂಟರಿನಲ್ಲಿ ಹೊಸ ಟಿಕೆಟಿಗೆ ತೆತ್ತದ್ದು ಇಬ್ಬರಿಗೂ ಸೇರಿ 60,000ದ ಹತ್ತಿರ. ಆಮೇಲೆ ಒಂದೇ ಪಿಎನ್‌ಆರ್ (ಇಡೀ ಪ್ರಯಾಣಕ್ಕೆ ಒಂದೇ ಬುಕಿಂಗ್ ಸಂಖ್ಯೆ) ಇಲ್ಲದ ಟಿಕೆಟನ್ನು ನಾನು ನೋಡುವುದೂ ಇಲ್ಲ. ಒಂದೇ ಪಿಎನ್‌ಆರ್ ಆದರೆ ಕನೆಕ್ಷನ್ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದು. ಯುರೋಪಿನ ಸಂಸ್ಥೆಯಾದರೆ ಇನ್ನೂ ಒಂದು ಲಾಭವಿದೆ: ಐರೋಪ್ಯ ಒಕ್ಕೂಟದ 261ನೇ ನಿಯಮದಂತೆ, ಸಂಸ್ಥೆಯದೇ ಕಾರಣದಿಂದ ಕೊನೆಯ ಊರನ್ನು ಮೂರು ಗಂಟೆಗೂ ಮೀರಿ ತಡವಾಗಿ ತಲುಪಿದರೆ ಇಷ್ಟು ದೂರದ ಪ್ರಯಾಣಕ್ಕೆ ತಲಾ 600 ಯೂರೋವರೆಗೆ ಪರಿಹಾರವಿದೆ. ಫ್ರಾಂಕ್‌ಫರ್ಟ್‌ನ 1ನೇ ಟರ್ಮಿನಲ್‌ನಲ್ಲಿ 45 ನಿಮಿಷವನ್ನೇ ಕನಿಷ್ಠ ಅಂತರವೆಂದು ಲೆಕ್ಕ ಹಾಕಿ ಟಿಕೆಟ್ ಮಾರುವಾಗ, ನನ್ನ ಕೈಯಲ್ಲಿ ಇಪ್ಪತ್ತು ನಿಮಿಷ ಹೆಚ್ಚೇ ಇತ್ತು.

ಆ ಇಪ್ಪತ್ತು ನಿಮಿಷವನ್ನು ತಿನ್ನುವುದು ದೂರವಲ್ಲ, ಸಾಲುಗಳು. ದೊಡ್ಡ ವಿಮಾನದ ಹಿಂಭಾಗದಲ್ಲಿ ಕುಳಿತವನು ಇಳಿಯುವ ಹೊತ್ತಿಗೆ ಪಾಸ್‌ಪೋರ್ಟ್ ಕೌಂಟರಿನ ಮುಂದೆ ಇನ್ನೂರು ಜನ ನಿಂತಿರುತ್ತಾರೆ. ಆದ್ದರಿಂದ ಎಕಾನಮಿಯ ಮುಂದಿನ ಸಾಲುಗಳಿಗೆ ತಲಾ 3,000 ರೂಪಾಯಿಯಷ್ಟು ಹೆಚ್ಚು ಕೊಟ್ಟೆ. ಇಡೀ ಪ್ರಯಾಣದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. (ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಬೆಂಗಳೂರಿಗೆ ಹಾರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಈ ಲೆಕ್ಕ ತಲೆಕೆಳಗು. ಅದರ ಬಾಗಿಲಿರುವುದು ಹಿಂದೆ, ಕೊನೆಯ ಸಾಲಿನವರೇ ಮೊದಲು ಇಳಿಯುತ್ತಾರೆ. ಮುಂದಿನ ಸೀಟಿಗೆಂದು ದುಡ್ಡು ಕೊಡುವವರನ್ನು ಕಂಡಾಗ ನನಗೆ ನಗು ಬರುತ್ತದೆ.) ಸೀಟು ಹಿಡಿಯುವುದರಲ್ಲಿ ಇನ್ನೂ ಒಂದು ಉಪಾಯವಿದೆ, ಅದನ್ನು ಬರೆದರೆ ಮುಂದಿನ ಸಲ ಆ ಸೀಟು ನನಗೇ ಸಿಗುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ವೀಲ್‌ಚೇರ್ ಬರೆಸಿಯೂ ನೋಡಿದ್ದೇನೆ. ಸಮಯ ಧಾರಾಳವಾಗಿದ್ದಾಗ ಅದರಷ್ಟು ಸುಖ ಬೇರೊಂದಿಲ್ಲ, ಆದರೆ ವೀಲ್‌ಚೇರಿನವರನ್ನು ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ, ತಳ್ಳುವವರು ಬರುವವರೆಗೂ ಕಾಯಿಸುತ್ತಾರೆ. ಈ ಸಲ ಪತ್ನಿಯ ಮೊಣಕಾಲಿಗೆ ಪಟ್ಟಿ ಬಿಗಿದು, ಕೈಯಲ್ಲಿ ಒಂದು ಚೀಲವನ್ನೂ ಕೊಡದೆ ನಡೆಸಿದೆ.

ನಿಲ್ದಾಣದ ನಕ್ಷೆಯನ್ನು ಮನೆಯಲ್ಲಿಯೇ ಬಾಯಿಪಾಠ ಮಾಡಿದ್ದೆ. ಝಡ್ ಗೇಟುಗಳು ಮೇಲಿನ ಅಂತಸ್ತು, ಅದರ ಕೆಳಗೇ ಎ ಗೇಟುಗಳು, ನಡುವೆ ಪಾಸ್‌ಪೋರ್ಟ್ ತಪಾಸಣೆ. ಬಿ ಕಡೆ ಇಳಿಸಿದರೆ ಎ ಕಡೆಗೆ ನೆಲದಡಿಯ ಸುರಂಗದಲ್ಲಿ ಚಲಿಸುವ ಪಟ್ಟಿಯ ಮೇಲೆ ಹೋಗಬೇಕು. ಹ್ಯಾಂಬರ್ಗ್ ವಿಮಾನ ಎ ಕಡೆಯದು. ನಮ್ಮನ್ನು ಇಳಿಸಿದ್ದು ಝಡ್‌ನಲ್ಲಿ. ಷೆಂಗೆನ್ (ಒಳಗೊಳಗೆ ಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟ) ಗಡಿಯ ತಪಾಸಣೆ ಮೊದಲು ಇಳಿದಲ್ಲೇ ಆಗುತ್ತದೆ. 2025ರ ಅಕ್ಟೋಬರ್ 12ರಿಂದ ಆರಂಭವಾದ ಹೊಸ ಪದ್ಧತಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರವನ್ನೂ ತೆಗೆದುಕೊಳ್ಳುವುದರಿಂದ ಸಾಲು ಮೊದಲಿಗಿಂತ ನಿಧಾನ. ಮಗಳ ಆಹ್ವಾನಪತ್ರ, ಮರುಪ್ರಯಾಣದ ಟಿಕೆಟ್, ವಿಮೆಯ ಕಾಗದ ಮೂರನ್ನೂ ಒಂದೇ ಪಾರದರ್ಶಕ ಕವರಿನಲ್ಲಿ ಅಧಿಕಾರಿಯ ಮುಂದೆ ಇಟ್ಟೆ. ಆತ ಕೇಳಿದ್ದು ಎಷ್ಟು ದಿನ ಇರುತ್ತೀರಿ ಎಂದಷ್ಟೇ.

ಭಾರತದಿಂದ ಬಂದವರ ಕೈಚೀಲವನ್ನು ಅಲ್ಲಿ ಮತ್ತೊಮ್ಮೆ ತಪಾಸಣೆ ಮಾಡುತ್ತಾರೆ. ಹಿಂದೊಮ್ಮೆ ಸ್ಟೀಲ್ ಡಬ್ಬಿಯ ತುಂಬ ಕೋಡುಬಳೆ ಒಯ್ದಾಗ ಡಬ್ಬಿ ತೆರೆಸಿ, ಒಂದೊಂದನ್ನೇ ಕದಲಿಸಿ, ಪಟ್ಟಿಯಿಂದ ಒರೆಸಿ ಯಂತ್ರಕ್ಕಿಟ್ಟು ನೋಡಿದ್ದರು. ಪತ್ನಿಯ ಎಲೆಅಡಿಕೆ ಸಂಚಿಯ ಸುಣ್ಣದ ಡಬ್ಬಿಗೆ ಇನ್ನೊಂದು ಐದು ನಿಮಿಷ. ಈಗ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಔಷಧಿ, ಕಾಗದಗಳು, ಅಷ್ಟೇ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲಿ, ಮೂರು ಪದರ ಪ್ಲಾಸ್ಟಿಕ್ಕಿನೊಳಗೆ. ತುಪ್ಪ ಹಾಲಿನ ಉತ್ಪನ್ನವಾದ್ದರಿಂದ ಅದನ್ನು ಅಲ್ಲಿಗೆ ಒಯ್ಯುವಂತೆಯೇ ಇಲ್ಲ. ಮನೆಯಲ್ಲಿ ಇದಕ್ಕೆ ಜಗಳವಾಯಿತು, ನಾನು ಸೋಲಲಿಲ್ಲ.

ನೆನಪಿನಿಂದ ಹೇಳುವುದಾದರೆ, ವಿಮಾನದಿಂದ ಹೊರಬೀಳಲು ಎಂಟು ನಿಮಿಷ, ಪಾಸ್‌ಪೋರ್ಟಿಗೆ ಇಪ್ಪತ್ತರ ಆಸುಪಾಸು, ಚೀಲದ ತಪಾಸಣೆಗೆ ಹತ್ತು, ಉಳಿದದ್ದು ನಡಿಗೆ. ಶೌಚಾಲಯದ ಕೆಲಸವನ್ನು ವಿಮಾನ ಇಳಿಯುವ ಒಂದು ಗಂಟೆ ಮೊದಲೇ ಮುಗಿಸಿದ್ದೆವು. ಒಂದು ವೇಳೆ ತಪ್ಪಿದ್ದರೂ, 1ನೇ ಟರ್ಮಿನಲ್‌ಗೆ ಹೊಂದಿಕೊಂಡೇ ದೂರದೂರಿನ ರೈಲುಗಳ ನಿಲ್ದಾಣವಿದೆ, ಅಲ್ಲಿಂದ ಹ್ಯಾಂಬರ್ಗ್‌ಗೆ ಹೆಚ್ಚುಕಡಿಮೆ ನಾಲ್ಕು ಗಂಟೆ.

ನಾವು ಹತ್ತಿದೆವು, ಪೆಟ್ಟಿಗೆ ಹತ್ತಲಿಲ್ಲ. ಅದು ಮರುದಿನ ಮಧ್ಯಾಹ್ನ ಮಗಳ ಮನೆ ಬಾಗಿಲಿಗೇ ಬಂತು, ನಾವು ಕನ್ವೇಯರ್ ಮುಂದೆ ಕಾಯುವ ಮತ್ತು ಹೊರುವ ಕಷ್ಟ ತಪ್ಪಿತು. ಮಂಡಿಯಲ್ಲಿ ಇದನ್ನೂ ನನ್ನ ಯೋಜನೆಯ ಭಾಗವೆಂದೇ ಹೇಳಿದ್ದೇನೆ.

ಹಿಂದಿರುಗುವಾಗ ಮಾತ್ರ ಈ ಧೈರ್ಯ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಪೆಟ್ಟಿಗೆ ಬಿಡಿಸಿಕೊಂಡು, ಕಸ್ಟಮ್ಸ್ ದಾಟಿ, 2ನೇ ಟರ್ಮಿನಲ್‌ನಿಂದ 1ಕ್ಕೆ ಹೋಗಬೇಕು. ಸೋಗಾನೆಯ ವಿಮಾನ ಬೇರೆಯೇ ಟಿಕೆಟ್, ಮಂಜು ಕವಿದರೆ ಅದರ ಭರವಸೆಯೂ ಇಲ್ಲ. ಐದಾರು ಗಂಟೆ ಅಂತರವಿಲ್ಲದಿದ್ದರೆ ನಾವು ಸಂಜೆಯ ಜನಶತಾಬ್ದಿಯನ್ನೇ ಹಿಡಿಯುತ್ತೇವೆ.