ಹಳೆಯ ಕಾರ್ ಸ್ಟೀರಿಯೊ: ದೋಷ ಸೆಟ್ಟಿನದೋ, ವೈರಿನದೋ?

ಹಳೆಯ ಕಾರಿನ ಸ್ಟೀರಿಯೊ ಕೆಟ್ಟಿತೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸದನ್ನು ಕೂರಿಸಿಕೊಳ್ಳುವ ಮೊದಲು, ಅದಕ್ಕೆ ಕರೆಂಟ್ ಬರುತ್ತಿದೆಯೇ, ಅರ್ತ್ (ಕಾರಿನ ಲೋಹದ ಮೈಗೆ ಸೇರುವ, ಸಾಮಾನ್ಯವಾಗಿ ಕಪ್ಪು ಬಣ್ಣದ ವೈರ್) ಗಟ್ಟಿಯಾಗಿದೆಯೇ, ಸ್ಪೀಕರ್ ಸರಿಯಿದೆಯೇ ಎಂಬುದನ್ನು ಇದೇ ಕ್ರಮದಲ್ಲಿ ನೋಡಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ವೋಲ್ಟ್, ಓಮ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಸಾಕು.

ಸೆಟ್ ಆನ್ ಆಗದಿದ್ದರೆ ಕಾರಿನ ಫ್ಯೂಸ್ ಬಾಕ್ಸನ್ನೂ, ಸೆಟ್ಟಿನ ಹಿಂಬದಿಯಲ್ಲಿರುವ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನ ಫ್ಯೂಸನ್ನೂ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ದೊಡ್ಡದನ್ನು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರೇ ಸುಡುತ್ತದೆ. ಸಾಮಾನ್ಯವಾಗಿ ಹಳದಿ ವೈರಿನಲ್ಲಿ ಸದಾ, ಕೆಂಪು ವೈರಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಸುಮಾರು 12 ವೋಲ್ಟ್ ಇರಬೇಕು. ಸೆಟ್ ಮಾಡಿಟ್ಟ ಸ್ಟೇಷನ್‌ಗಳು ದಿನವೂ ಅಳಿಸಿಹೋಗುತ್ತಿದ್ದರೆ ಹಳದಿ ವೈರನ್ನೇ ಮೊದಲು ಅನುಮಾನಿಸಿ. ಆದರೆ ಎರಡು ಮೂರು ಕೈ ದಾಟಿ ಬಂದ ಕಾರಿನಲ್ಲಿ ಬಣ್ಣವನ್ನು ನಂಬದೆ ಪ್ರತಿಯೊಂದನ್ನೂ ಅಳೆದೇ ತೀರ್ಮಾನಿಸಬೇಕು.

ಹೆಚ್ಚಿನವರು ಎಡವುವುದು ಅಳತೆಯಲ್ಲಿಯೇ. ನಾನು ಬಿಚ್ಚಿದ ಒಂದು ಕಾರಿನಲ್ಲಿ ಇನ್ಸುಲೇಷನ್ ಟೇಪಿನ ಅಂಟು ಬೆಲ್ಲದ ಪಾಕದಂತೆ ಜಿನುಗಿತ್ತು; ಒಳಗೆ ಬೆಸುಗೆಯಿಲ್ಲದೆ ಬರಿಗೈಯಲ್ಲಿ ತಿರುಚಿದ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಮೀಟರು ಅಲ್ಲಿಯೂ 12 ವೋಲ್ಟ್ ತೋರಿಸಿತು, ಏಕೆಂದರೆ ಮೀಟರು ಎಳೆಯುವ ಕರೆಂಟ್ ಅತ್ಯಲ್ಪ. ಸೆಟ್ ಆನ್ ಮಾಡಿ ವಾಲ್ಯೂಮ್ ಏರಿಸಿದೊಡನೆ ವೋಲ್ಟೇಜ್ ಕುಸಿಯಿತು. ಆದ್ದರಿಂದ ಹಾಡು ನುಡಿಯುತ್ತಿರುವಾಗಲೇ ಅಳೆಯಬೇಕು. ಅದೇ ಸ್ಥಿತಿಯಲ್ಲಿ ಕಪ್ಪು ವೈರಿನಿಂದ ಬ್ಯಾಟರಿಯ ಮೈನಸ್‌ಗೆ ಅಳೆದಾಗ 0.2 ವೋಲ್ಟಿಗಿಂತ ಹೆಚ್ಚು ಬಂದರೆ, ಅರ್ತಿನ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆದು, ಮತ್ತೆ ಬಿಗಿಯಿರಿ. ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಎಂಬ ಸದ್ದಿಗೂ ಬಹಳ ಸಲ ಇದೇ ಮೂಲ.

ಒಂದೇ ಬದಿಯ ಸದ್ದು ನಿಂತಿದ್ದರೆ ಆ ಸ್ಪೀಕರಿನ ಎರಡೂ ವೈರುಗಳನ್ನು ಸೆಟ್ಟಿನಿಂದ ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಸ್ಪೀಕರ್ ಸರಿಯಿದ್ದರೆ ಟಪ್ ಎನ್ನುತ್ತದೆ. 4 ಓಮ್‌ನ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರೊಳಗೆ ತೋರಿಸುವುದು ಸಹಜ.

ರೇಡಿಯೊ ಮಾತ್ರ ಕರಕರ ಎನ್ನುತ್ತಿದ್ದರೆ 101.3ರಲ್ಲಿ ಆಕಾಶವಾಣಿಯ ರೇನ್‌ಬೋ ಹಾಕಿ, ಆಂಟೆನಾ ಪ್ಲಗ್ಗನ್ನು ಅಲುಗಾಡಿಸಿ ನೋಡಿ. ಇಷ್ಟೆಲ್ಲ ಸರಿಯಿದ್ದೂ ಕ್ಯಾಸೆಟ್ ಮಾತ್ರ ಎಳೆದೆಳೆದು ಹಾಡಿದರೆ ಸೆಟ್ಟನ್ನು ಬಿಚ್ಚುವುದು ನ್ಯಾಯ. ಒಳಗಿನ ರಬ್ಬರ್ ಬೆಲ್ಟ್ ಸಡಿಲಗೊಂಡಿರುವ ಸಾಧ್ಯತೆಯೇ ಹೆಚ್ಚು.