ಎಂಪಿ ಹೌದು ಅಂದರೋ ಇಲ್ಲ ಅಂದರೋ: ಲೋಕಸಭೆಯ ಮತದಾಖಲೆ ತೆಗೆದು ಓದುವ ಕ್ರಮ

ಮೊದಲು ನಿಮ್ಮ ಎಂಪಿ ಯಾರು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಜಿಲ್ಲೆಯ ಹೆಸರು ಹಿಡಿದು ಹೊರಟರೆ ಇಲ್ಲೇ ದಾರಿ ತಪ್ಪುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅವು ಕೋಲಾರ ಕ್ಷೇತ್ರಕ್ಕೆ ಸೇರುತ್ತವೆ. ತುಮಕೂರು ಜಿಲ್ಲೆಯ ಶಿರಾ, ಪಾವಗಡದವರ ಮತ ಚಿತ್ರದುರ್ಗಕ್ಕೆ, ಕುಣಿಗಲ್‌ನವರದು ಬೆಂಗಳೂರು ಗ್ರಾಮಾಂತರಕ್ಕೆ. ಚಿಕ್ಕಬಳ್ಳಾಪುರ ಕ್ಷೇತ್ರದೊಳಗೆ ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲವೂ ಇವೆ. 2024ರಲ್ಲಿ ತುಮಕೂರಿನಿಂದ ವಿ. ಸೋಮಣ್ಣ, ಕೋಲಾರದಿಂದ ಮಲ್ಲೇಶ್ ಬಾಬು, ಚಿಕ್ಕಬಳ್ಳಾಪುರದಿಂದ ಡಾ. ಕೆ. ಸುಧಾಕರ್ ಗೆದ್ದರು.

ಎರಡನೆಯ ಕೆಲಸ, ನೀವು ಕೇಳುತ್ತಿರುವ ಮಸೂದೆಗೆ ಹೆಸರಿನ ಸಮೇತ ಮತದಾನ ನಡೆದಿದೆಯೇ ಎಂದು ನೋಡುವುದು. ಲೋಕಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. 'ಹೌದು' ಎನ್ನುವವರ ದನಿ, 'ಇಲ್ಲ' ಎನ್ನುವವರ ದನಿ ಕೇಳಿ ಸ್ಪೀಕರ್ ತೀರ್ಮಾನ ಹೇಳುತ್ತಾರೆ. ಯಾರು ಏನಂದರು ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಮೂರು ಕೃಷಿ ಮಸೂದೆಗಳು 2020ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ ದಾಟಿದ್ದು ಹೀಗೆಯೇ, 2021ರ ನವೆಂಬರ್ 29ರಂದು ಅವು ರದ್ದಾದದ್ದೂ ಹೀಗೆಯೇ. ಕೋಲಾರದ ಟೊಮೆಟೊ ಬೆಳೆಗಾರರೊಬ್ಬರು 'ನಮ್ಮ ಎಂಪಿ ಆಗ ಯಾವ ಕಡೆ ಇದ್ದರು' ಎಂದು ಕೇಳಿದರೆ, ಪಕ್ಷದ ನಿಲುವು, ಚರ್ಚೆಯಲ್ಲಿ ಮಾತಾಡಿದ್ದರೆ ಆ ಭಾಷಣ, ಇಷ್ಟನ್ನೇ ತೋರಿಸಲು ಸಾಧ್ಯ. ಆ ಮಸೂದೆಗಳಿಗೆ ಲೋಕಸಭೆಯಲ್ಲಿ 'ಇಂಥವರು ಪರವಾಗಿ ಮತ ಹಾಕಿದ ಪಟ್ಟಿ' ಎಂದು ವಾಟ್ಸಾಪ್‌ನಲ್ಲಿ ಏನಾದರೂ ಬಂದರೆ ನಂಬಬೇಡಿ, ಅಂಥ ಪಟ್ಟಿಯೇ ಇಲ್ಲ.

ಸ್ಪೀಕರ್ ತೀರ್ಮಾನವನ್ನು ಒಪ್ಪದೆ ಸದಸ್ಯರು ಪಟ್ಟು ಹಿಡಿದಾಗ ಮಾತ್ರ ಮತ ವಿಭಜನೆ, ಅಂದರೆ ಡಿವಿಷನ್. ಲಾಬಿ ಖಾಲಿ ಮಾಡಿಸಿ, ಮೂರೂವರೆ ನಿಮಿಷ ಗಂಟೆ ಬಾರಿಸಿ, ಆಮೇಲೆ ಗುಂಡಿ ಒತ್ತಿಸುತ್ತಾರೆ: ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ಸಂವಿಧಾನ ತಿದ್ದುಪಡಿಗೆ ಮಾತ್ರ ಮತ ವಿಭಜನೆ ಆಗಲೇಬೇಕು. ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 543ರಲ್ಲಿ 272 ಮತ ಬೇಕು. ಜತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಮಂದಿಯ ಒಪ್ಪಿಗೆಯೂ ಬೇಕು. ಹುಡುಕುವುದನ್ನು ಹೊಸದಾಗಿ ಕಲಿಯುವವರು ಇಂಥದ್ದರಿಂದಲೇ ಶುರು ಮಾಡಿ. 2023ರ ಸೆಪ್ಟೆಂಬರ್ 20ರ ಮಹಿಳಾ ಮೀಸಲಾತಿ ಮಸೂದೆ (454 ಪರ, 2 ವಿರೋಧ) ಒಳ್ಳೆಯ ಅಭ್ಯಾಸ.

ದಾಖಲೆ ಇರುವುದು ಸಂಸತ್ತಿನ ಸಂಸದ್ ಡಾಟ್ ಇನ್ ತಾಣದಲ್ಲಿ. ಲೋಕಸಭೆ ವಿಭಾಗದಲ್ಲಿ ಆ ದಿನದ ಬುಲೆಟಿನ್ ಮೊದಲ ಭಾಗ (ಕಲಾಪದ ಚುಟುಕು ದಾಖಲೆ) ತೆರೆದರೆ, ಡಿವಿಷನ್ ಆಯಿತೇ, ಎಷ್ಟಕ್ಕೆ ಎಷ್ಟು ಎಂಬುದು ಎರಡು ಮೂರು ಸಾಲಿನಲ್ಲಿ ಸಿಗುತ್ತದೆ. ಆಗಿದ್ದರೆ ಅದೇ ದಿನದ ಕಲಾಪದ ಪೂರ್ಣ ಪಾಠ ಇಳಿಸಿಕೊಳ್ಳಿ. ಪಿಡಿಎಫ್ ನೂರಾರು ಪುಟ ಇರುತ್ತದೆ. ಮೊಬೈಲಿಗಿಂತ ಕಂಪ್ಯೂಟರ್ ವಾಸಿ. 'ಡಿವಿಷನ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕಿದರೆ ಪಟ್ಟಿ ಇರುವ ಪುಟಕ್ಕೆ ಹೋಗುತ್ತೀರಿ. ತಾರೀಖಿನ ಬಗ್ಗೆ ಎಚ್ಚರ. ವಕ್ಫ್ ತಿದ್ದುಪಡಿ ಮಸೂದೆ ಪಾಸಾದದ್ದು (288 ಪರ, 232 ವಿರೋಧ) 2025ರ ಏಪ್ರಿಲ್ 3ರ ನಡುರಾತ್ರಿ ಕಳೆದ ಮೇಲೆ. ಆದರೆ ಸದನ ಕೂತಿದ್ದು ಏಪ್ರಿಲ್ 2ರಂದು, ಹಾಗಾಗಿ ಹುಡುಕಬೇಕಾದ್ದು 2ನೇ ತಾರೀಖಿನ ಕಡತದಲ್ಲಿ.

ನಮ್ಮ ಕಡೆಯ ಹೆಸರುಗಳನ್ನು ಹುಡುಕುವಾಗ ಇನ್ನೊಂದು ತೊಡಕು. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದ್ದು, ಹೆಸರು ಮುಂದೆ, ಇನಿಷಿಯಲ್ ಹಿಂದೆ ಬರುತ್ತದೆ. ಉತ್ತರದವರಿಗಿರುವಂಥ ಮನೆತನದ ಹೆಸರು ನಮ್ಮವರಲ್ಲಿ ಅನೇಕರಿಗೆ ಇಲ್ಲದ್ದರಿಂದ ಯಾವ ಪದ ಮುಂದೆ ಬಂದಿದೆ ಎಂದು ಊಹಿಸಲಾಗದು. 'ಗೌಡ', 'ಬಾಬು' ಇರುವ ಹೆಸರನ್ನು ಎರಡೂ ಪದಗಳ ಅಕ್ಷರದ ಕೆಳಗೆ ನೋಡಿ. ಕ್ಷೇತ್ರದ ಹೆಸರು ಕೊಟ್ಟು ಹುಡುಕುವುದಾದರೆ ಹಳೆಯ ಕಾಗುಣಿತ ಬಳಸಿ. ಜಿಲ್ಲೆಯ ಹೆಸರು 2014ರಲ್ಲೇ ಇಂಗ್ಲಿಷಿನಲ್ಲೂ ತುಮಕೂರು ಆದರೂ ಕ್ಷೇತ್ರ ಇನ್ನೂ 'ತುಮ್ಕುರ್' ಆಗಿಯೇ ಇದೆ. ಚಿಕ್ಕಬಳ್ಳಾಪುರದ ಅಧಿಕೃತ ಇಂಗ್ಲಿಷ್ ಕಾಗುಣಿತದಲ್ಲಿ ಎರಡು 'ಕೆ' ಆದ ಮೇಲೆ ಬರಬೇಕಾದ 'ಎ' ಇಲ್ಲ.

ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಪಟ್ಟಿಯ ಮೇಲೆ ಸ್ಪೀಕರ್ ಓದಿದ 'ಪ್ರಶ್ನೆ' ಇರುತ್ತದೆ, ಅದನ್ನು ಪೂರ್ತಿ ಓದಿ. ಹೆಚ್ಚು ಜನ ಎಡವುವುದು ಇಲ್ಲೇ. ಒಂದೇ ಮಸೂದೆಗೆ ಮಂಡನೆ, ಪರಿಶೀಲನೆ, ತಿದ್ದುಪಡಿಗಳು, ಒಂದೊಂದು ಖಂಡ, ಕೊನೆಗೆ ಅಂಗೀಕಾರ, ಹೀಗೆ ಹಲವು ಹಂತದಲ್ಲಿ ಡಿವಿಷನ್ ಆಗಬಹುದು. ವಿರೋಧ ಪಕ್ಷದವರು ತಂದ ತಿದ್ದುಪಡಿಗೆ 'ಇಲ್ಲ' ಅಂದವರು ಸಾಮಾನ್ಯವಾಗಿ ಮಸೂದೆಯ ಪರ ಇರುವವರೇ. ಆ ಒಂದು ಪುಟದ ಚಿತ್ರ ತೆಗೆದು 'ಮಸೂದೆಯನ್ನೇ ವಿರೋಧಿಸಿದರು' ಎಂದು ಹಂಚಿದರೆ ಅದು ಸುಳ್ಳೇ ಆಗುತ್ತದೆ.

ಪಟ್ಟಿಯ ಅಡಿಟಿಪ್ಪಣಿಯನ್ನೂ ನೋಡಿ. ಗುಂಡಿ ಕೆಲಸ ಮಾಡದವರು, ತಪ್ಪು ಒತ್ತಿದವರು ಚೀಟಿ ಬರೆದು ಸರಿಪಡಿಸುತ್ತಾರೆ. ಯಂತ್ರದ ಲೆಕ್ಕಕ್ಕೂ ಕೊನೆಯ ಲೆಕ್ಕಕ್ಕೂ ಎಷ್ಟು ಅಂತರ ಬರಬಹುದು ಎಂದರೆ, 2024ರ ಡಿಸೆಂಬರ್ 17ರಂದು 'ಒಂದು ದೇಶ, ಒಂದು ಚುನಾವಣೆ' ಮಸೂದೆಯ ಮಂಡನೆಗೆ ಯಂತ್ರ ತೋರಿಸಿದ್ದು 220 ಪರ, 149 ವಿರೋಧ. ಚೀಟಿಗಳು ಸೇರಿದ ಮೇಲೆ ಅದು 269 ಮತ್ತು 198 ಆಯಿತು. ಟಿವಿ ಪರದೆಯ ಸ್ಕ್ರೀನ್‌ಶಾಟ್ ನೋಡಿ ಯಾರ ಮೇಲೂ ತೀರ್ಪು ಕೊಡಬೇಡಿ.

ಹೆಸರೇ ಇಲ್ಲದಿದ್ದರೆ? ತಟಸ್ಥ ಎಂದು ಬರೆಯಬೇಡಿ. ಹಳದಿ ಒತ್ತಿದವರ ಹೆಸರು ಬೇರೆಯೇ ಇರುತ್ತದೆ. 'ಮತ ದಾಖಲಾಗಿಲ್ಲ' ಎಂದಷ್ಟೇ ಬರೆಯಿರಿ. ಆ ದಿನ ಹಾಜರಾತಿ ದಾಖಲಾಗಿದ್ದರೂ ಮತದ ಹೊತ್ತಿಗೆ ಸದನದಲ್ಲಿ ಇದ್ದರೆಂದು ಅರ್ಥವಲ್ಲ. ಕಾರಣ ಬೇಕಿದ್ದರೆ ಡಿವಿಷನ್ ಸಂಖ್ಯೆ, ತಾರೀಖು ಹಾಕಿ ಎಂಪಿ ಕಚೇರಿಗೆ ಪತ್ರ ಬರೆಯಿರಿ. ಸಂಖ್ಯೆ ಇರುವ ಪತ್ರವನ್ನು ತಳ್ಳಿಹಾಕುವುದು ಕಷ್ಟ.

ನೋಟ್‌ಬುಕ್ಕಿನಲ್ಲಿ ಏಳು ಕಾಲಂ ಸಾಕು: ತಾರೀಖು, ಡಿವಿಷನ್ ಸಂಖ್ಯೆ, ಮಸೂದೆ, ಹಂತ, ಪ್ರಶ್ನೆಯ ವಾಕ್ಯ, ಮತ, ಆಗ ಅವರಿದ್ದ ಪಕ್ಷ. ಕೊನೆಯ ಕಾಲಂ ಬಿಟ್ಟರೆ ಉಳಿದವಕ್ಕೆ ಅರ್ಥವೇ ಬರುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಅಥವಾ ಮತ ಹಾಕದೆ ಉಳಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದಲ್ಲಿ ಸ್ಥಾನವೇ ಹೋಗಬಹುದು. ಹಾಗಾಗಿ ವಿಪ್ ಇದ್ದ ದಿನದ ಮತ ಬಹುಪಾಲು ಪಕ್ಷದ ಮತ. ಎಂಪಿಯ ಸ್ವಂತ ಒಲವು ಕಾಣುವುದು ಅವರು ಕೇಳಿದ ಪ್ರಶ್ನೆಗಳಲ್ಲಿ, ಸರ್ಕಾರದ ಪರವಾಗಿ ಅಲ್ಲದೆ ಸ್ವಂತವಾಗಿ ತಂದ ಖಾಸಗಿ ಮಸೂದೆಗಳಲ್ಲಿ. ಇವುಗಳ ಲೆಕ್ಕವನ್ನು ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ತಾಣ ಒಂದೇ ಕಡೆ ಕೊಡುತ್ತದೆ. ಆದರೆ ಸೋಮಣ್ಣನವರು ಕೇಂದ್ರದ ರಾಜ್ಯ ಸಚಿವರು. ಸಚಿವರು ಹಾಜರಾತಿಗೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರನ್ನೂ ಕೋಲಾರದ ಎಂಪಿಯನ್ನೂ ಪ್ರಶ್ನೆಗಳ ಸಂಖ್ಯೆಯಲ್ಲಿ ತೂಗುವುದು ಅನ್ಯಾಯ.

ಮತಗಳ ಜತೆಗೆ ಎಂಪಿಯ ರಾಜಕೀಯ ಹಾದಿಯನ್ನೂ ಬರೆಯುವಾಗ ಸಂಸತ್ತಿನ ತಾಣದ ಪರಿಚಯ ಪುಟವೊಂದನ್ನೇ ನೆಚ್ಚಬೇಡಿ. ಪ್ರತಿ ಚುನಾವಣೆಯ ಪಕ್ಷವನ್ನು ಚುನಾವಣಾ ಆಯೋಗದ ಫಲಿತಾಂಶದಿಂದ ತುಂಬಿ. ಜಿ.ಎಸ್. ಬಸವರಾಜು ತುಮಕೂರಿನಿಂದ 1984, 1989, 1999ರಲ್ಲಿ ಕಾಂಗ್ರೆಸ್‌ನಿಂದ, 2009 ಮತ್ತು 2019ರಲ್ಲಿ ಬಿಜೆಪಿಯಿಂದ ಗೆದ್ದವರು. ಕೋಲಾರದಲ್ಲಿ ಕೆ.ಎಚ್. ಮುನಿಯಪ್ಪ 1991ರಿಂದ 2014ರವರೆಗೆ ಏಳು ಸಲವೂ ಕಾಂಗ್ರೆಸ್ಸೇ. ವಿಧಾನಸಭೆಯ ದಿನಗಳನ್ನೂ ಸೇರಿಸಿ: ಸುಧಾಕರ್ 2013, 2018ರಲ್ಲಿ ಕಾಂಗ್ರೆಸ್ ಶಾಸಕರು, 2019ರಲ್ಲಿ ರಾಜೀನಾಮೆ ಕೊಟ್ಟು ಅನರ್ಹಗೊಂಡು ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, 2023ರಲ್ಲಿ ಸೋತರು.

ಎಂಪಿಯ ಆಸ್ತಿಯ ವಿವರಕ್ಕೆ ನಮೂನೆ 26ರ ಅಫಿಡವಿಟ್ (ನಾಮಪತ್ರದ ಜತೆ ಕೊಡುವ ಪ್ರಮಾಣಪತ್ರ) ನೋಡಬೇಕು, ಆಯೋಗದ ತಾಣದಲ್ಲಿ ಸಿಗುತ್ತದೆ. ಎರಡು ಚುನಾವಣೆಗಳದ್ದನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಬರೀ ರೂಪಾಯಿ ಹೋಲಿಸಿದರೆ ಮೋಸ ಹೋಗುತ್ತೀರಿ: ದೇವನಹಳ್ಳಿ ಕಡೆ ಅದೇ ಜಮೀನಿನ ಬೆಲೆಯೇ ಐದು ವರ್ಷದಲ್ಲಿ ಏರಿರುತ್ತದೆ. ಸರ್ವೆ ನಂಬರ್, ಎಕರೆ-ಗುಂಟೆ, ಪಿತ್ರಾರ್ಜಿತವೋ ಕೊಂಡದ್ದೋ, ಕೊಂಡ ತಾರೀಖು ಯಾವುದು ಎಂಬ ಕಾಲಂಗಳನ್ನು ಸಾಲಿಗೆ ಸಾಲು ತಾಳೆ ನೋಡಿ. ಹಿಂದಿನದರಲ್ಲಿ ಇಲ್ಲದ ಸರ್ವೆ ನಂಬರ್ ಹೊಸದರಲ್ಲಿ ಇದ್ದರೆ, ಅದರ ಎದುರಿಗಿರುವ ಖರೀದಿ ಬೆಲೆಯನ್ನು ಬರೆದಿಟ್ಟುಕೊಳ್ಳಿ.