ಎಪಿಎ (ಪೇಪರ್, ರೆಫರೆನ್ಸ್ ಬರೆಯುವ ಒಂದು ಶೈಲಿ) 6ನೇ ಆವೃತ್ತಿಯಲ್ಲಿ ಬರೆದ ಪೇಪರ್ 7ಕ್ಕೆ ಬದಲಿಸುವವರಿಗೆ

ಹಳೇ ಸೀನಿಯರ್ ಥೀಸಿಸ್ ಎದುರಿಗಿಟ್ಟುಕೊಂಡು ರೆಫರೆನ್ಸ್ ಬರೆಯಬೇಡಿ. ನಾನು ಹಾಗೆ ಮಾಡಿ ಪೇಪರ್ ವಾಪಸ್ ಬಂದಿತ್ತು. ಎಪಿಎ 7ನೇ ಆವೃತ್ತಿ ಬಂದಿದ್ದು 2019ರ ಅಕ್ಟೋಬರ್‌ನಲ್ಲಿ, ಆ ಥೀಸಿಸ್ ಅದಕ್ಕಿಂತ ಹಳೇದು!

ಮೊದಲು ಪುಸ್ತಕಗಳನ್ನು ನೋಡಿ. ಪ್ರಕಾಶಕರ ಹೆಸರು ಸಾಕು, ಊರಿನ ಹೆಸರು ಈಗ ಬೇಡ. ಮೂರು ಅಥವಾ ಜಾಸ್ತಿ ಲೇಖಕರಿದ್ದರೆ ಪಠ್ಯದೊಳಗೆ ಮೊದಲ ಸಲದಿಂದಲೇ ಮೊದಲ ಲೇಖಕರ ಹೆಸರು ಮಾತ್ರ ಹಾಕಿ 'ಎಟ್ ಆಲ್.' (ಮತ್ತು ಇತರರು) ಅನ್ನಬಹುದು. ಆದರೆ ಕೊನೆಯ ಪಟ್ಟಿಯಲ್ಲಿ 20 ಜನರವರೆಗೂ ಎಲ್ಲರ ಹೆಸರು ಬರಬೇಕು. ಡಿಒಐ (ಆನ್‌ಲೈನ್ ಲೇಖನಕ್ಕೆ ಕೊಡುವ ಕಾಯಂ ಗುರುತಿನ ಸಂಖ್ಯೆ) ಸುಮ್ನೆ ನಂಬರ್ ಅಲ್ಲ, ಪೂರ್ತಿ ಲಿಂಕ್ ಆಗಿರಬೇಕು.

ಫಾಂಟ್ ವಿಷಯದಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ಟೈಮ್ಸ್ ನ್ಯೂ ರೋಮನ್ 12 ಇದ್ದ ಹಾಗೆ ಕ್ಯಾಲಿಬ್ರಿ 11 ಕೂಡ ನಡೆಯುತ್ತೆ. ನಿಮ್ಮ ವಿಶ್ವವಿದ್ಯಾಲಯ ಬೇರೆ ಹೇಳಿದ್ದರೆ ಅದೇ ಅಂತಿಮ, ವಾದ ಮಾಡಬೇಡಿ.

ರೆಫರೆನ್ಸ್ ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್ ಬಳಸಿದ್ದರೆ ಅರ್ಧ ಕೆಲಸ ಸಲೀಸು. ವರ್ಡ್‌ನಲ್ಲಿ ಅದರ ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು ಸ್ಟೈಲ್ ಬದಲಿಸಿದರೆ ಇಡೀ ಪಟ್ಟಿ ತಾನೇ ಬದಲಾಗುತ್ತೆ. ಆದರೆ ನಮ್ಮ ಕಡೆಯ ಹೆಸರುಗಳಲ್ಲಿ ಅದು ಎಡವುತ್ತೆ. 'ಮಂಜುನಾಥ ಕೆ. ವಿ.' ಅಂತ ಇದ್ದರೆ ಕೆಲವು ಸಲ 'ವಿ.'ಯನ್ನೇ ಮನೆತನದ ಹೆಸರು ಅಂದುಕೊಂಡು ಪಟ್ಟಿಯ ತುದಿಗೆ ತಳ್ಳುತ್ತೆ. ಆಗ ಪಟ್ಟಿಯಲ್ಲೇ ತಿದ್ದಿದರೆ ಮುಂದಿನ ರಿಫ್ರೆಶ್‌ಗೆ ಮತ್ತೆ ಹಳೇ ಕಥೆ. ಝೊಟೆರೊ ಒಳಗೆ ಹೋಗಿ 'ಲಾಸ್ಟ್ ನೇಮ್' ಜಾಗದಲ್ಲಿ ಮಂಜುನಾಥ, ಪಕ್ಕದಲ್ಲಿ ಕೆ. ವಿ. ಅಂತ ಸರಿಮಾಡಿ. ಬದಲಿಸುವ ಮುಂಚೆ ಫೈಲ್‌ನ ಒಂದು ಕಾಪಿ ತೆಗೆದಿಟ್ಟುಕೊಳ್ಳಿ.